ಹಿಮದ ಗೋಡೆಯೂ ಡಾಕ್ಟರ ಬೆರಳುಗಳೂ

ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಕನ್ನಡದವರ ಯಾವ ಮನೆಗೆ ಹೋದರೂ ಡಾಕ್ಟರಿಗೆ ಮೊದಲು ಬರುವುದು ಕುರ್ಚಿ. ಸತ್ಯನಾರಾಯಣ ಪೂಜೆಯಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಅವರು ಬಾಗಿಲಲ್ಲಿ ಬೂಟು ಬಿಚ್ಚುವಷ್ಟರಲ್ಲಿ ಯಾರಾದರೊಬ್ಬರು ಡೈನಿಂಗ್ ಟೇಬಲ್ಲಿನಿಂದ ಒಂದು ಕುರ್ಚಿ ಎಳೆದು ತಂದು ಗೋಡೆಗೆ ಆನಿಸಿ ಇಟ್ಟಿರುತ್ತಾರೆ. “ಅಂಕಲ್, ಕೂತ್ಕೊಳ್ಳಿ.” ಎಪ್ಪತ್ತು ದಾಟಿದವರನ್ನು ಜಮಖಾನದ ಮೇಲೆ ಕೂರಿಸುವುದು ಹೇಗೆ? ಡಾಕ್ಟರು ನಕ್ಕು ಕೂರುತ್ತಿದ್ದರು. ಒಮ್ಮೆ ಹಾಗೆ ಕೂತವರು ನನ್ನನ್ನು ಹತ್ತಿರ ಕರೆದು ಹೇಳಿದರು.

“ಪೇಪರ್‌ನೋರೇ, ಈ ನ್ಯೂಜೆರ್ಸಿಯಲ್ಲಿ ನನಗೆ ಕುರ್ಚಿ ಹಾಕದೆ ಇರೋ ಜಾಗ ಒಂದೂ ಉಳಿದಿಲ್ಲ. ಬೆಟ್ಟದ ಮೇಲೆ ಮಾತ್ರ ಯಾರೂ ಹಾಕಲ್ಲ. ಅದಕ್ಕೇ ಹೋಗ್ತೀನಿ.”

ಬೆಟ್ಟ ಎಂದರೆ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡ್ಯಾಕ್. ಕಾರಿನಲ್ಲಿ ಅರ್ಧ ದಿನದ ದಾರಿ. ನಾವು ಹೋಗುತ್ತಿದ್ದದ್ದು ಟಿಕೆಟ್ಟು ಕೊಂಡು ಲಿಫ್ಟಿನಲ್ಲಿ ಮೇಲೇರಿ ಹಿಮದ ಮೇಲೆ ಸ್ಕೀ ಹಲಗೆಗಳಲ್ಲಿ ಜಾರುವ ರೆಸಾರ್ಟಿಗಲ್ಲ. ಹಿಂದೆಂದೋ ಮಣ್ಣು ಕುಸಿದು ಬರಿ ಬಂಡೆ ಉಳಿದ ಉದ್ದನೆಯ ಪಟ್ಟೆಗಳು ಆ ಬೆಟ್ಟಗಳ ಮೈಮೇಲೆ ಇವೆ. ಬೇಸಗೆಯಲ್ಲಿ ಬೋಳು ಕಲ್ಲು. ಚಳಿಗಾಲದಲ್ಲಿ ಹಿಮ ತುಂಬಿಕೊಂಡು ಮರಗಳ ನಡುವೆ ಬಿಳಿಯ ಬೀದಿಯಂತೆ ಕಾಣುತ್ತವೆ. ಸ್ಕೀ ಮಾಡುವವರಿಗೆ ಅದು ಆಸೆ ಹುಟ್ಟಿಸುವ ಜಾಗ. ಹಿಮದ ಒಂದು ಹಾಸು ಇನ್ನೊಂದರ ಮೇಲಿಂದ ಜಾರಿ ಬಂದು ಮನುಷ್ಯರನ್ನು ಹೂಳುವ ಜಾಗವೂ ಅದೇ. ಅಲ್ಲಿ ಬೇಲಿಯಿಲ್ಲ. ಹೋಗಬೇಡಿ ಎಂದು ತಡೆಯುವವರೂ ಇಲ್ಲ. ವಾರಾಂತ್ಯದಲ್ಲಿ ಸ್ವಯಂಸೇವಕರ ಒಂದು ತಂಡ ಎಲ್ಲರಿಗಿಂತ ಮೊದಲು ಮೇಲೆ ಹೋಗಿ, ಹಿಮ ಅಗೆದು ನೋಡಿ, ಕಂಡದ್ದನ್ನು ರೇಡಿಯೊದಲ್ಲಿ ಕೆಳಗೆ ತಿಳಿಸುತ್ತದೆ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಇರುವವರು ಅದನ್ನು ಹೊರಡುವವರಿಗೆ ಹೇಳುತ್ತಾರೆ. ಕೇಳುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಯಾರಾದರೂ ಬಿದ್ದರೆ ಎಳೆದು ತರುವ ಕೆಲಸ ಮತ್ತೆ ನಮ್ಮದೇ.

ಆ ತಂಡದಲ್ಲಿ ಕನ್ನಡದವರು ಮೂವರಿದ್ದೆವು. ಡಾಕ್ಟರು ಮೈಸೂರಿನವರು. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನೋವು ತಿಳಿಯದಂತೆ ಮಾಡುವ ಅನಸ್ತೇಸಿಯಾ ಕೊಟ್ಟು ನಿವೃತ್ತರಾದವರು. ತಂಡಕ್ಕೆ ಸೇರಿದ ಮೊದಲ ಭಾರತೀಯ ಅವರೇ. ಎರಡನೆಯವರು ಪಿಸ್ಕಾಟವೇಯ ಟೆಲಿಕಾಂ ಕಚೇರಿಯಲ್ಲಿ ಕೆಲಸ ಮಾಡುವ ಎಂಜಿನಿಯರು, ಧಾರವಾಡದ ಹೆಣ್ಣುಮಗಳು, ನಲವತ್ತರ ಆಸುಪಾಸು. ಡಾಕ್ಟರು ಅವರನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ, “ಏನಮ್ಮಾ ಧಾರವಾಡ” ಅನ್ನುತ್ತಿದ್ದರು. ಮೂರನೆಯವನು ನಾನು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ದುಡಿದು, ಈಗ ಇಲ್ಲಿ ಅದೇ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುವವನು. ಇಬ್ಬರಿಗೂ ಹಿಮ ಅಗೆಯುವುದನ್ನು ಕಲಿಸಿದವರು ಡಾಕ್ಟರೇ.

ತಂಡದ ನಾಯಕಿ ಆ ಬೆಟ್ಟದ ಬುಡದ ಊರಿನವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅವರದೊಂದು ಪದ್ಧತಿಯಿತ್ತು. ಪ್ರತಿ ಚಳಿಗಾಲದ ನಡುವೆ, ತಂಡದ ಪ್ರತಿಯೊಬ್ಬರ ಬಗ್ಗೆಯೂ ಅವರ ಜೊತೆಗೆ ಹೋಗುವವರನ್ನು ಒಬ್ಬೊಬ್ಬರನ್ನಾಗಿ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇವರ ಮಾತಿನ ಮೇಲೆ ನೀನು ಇಳಿಜಾರಿಗೆ ಕಾಲಿಡುತ್ತೀಯಾ?” ಹೌದು ಅಥವಾ ಇಲ್ಲ. ಒಬ್ಬರು ಇಲ್ಲವೆಂದರೂ ಸಾಕು, ಆ ಮನುಷ್ಯನಿಗೆ ಮುಂದೆ ಕೆಳಗಿನ ಶೆಡ್ಡಿನ ಕೆಲಸ. ಬಂದವರ ಬಳಿ ಸಲಿಕೆ ಇದೆಯೇ, ಹೂತುಹೋದರೆ ಹುಡುಕಲು ಬೇಕಾದ ಬೀಕನ್ ಎಂಬ ಸಣ್ಣ ರೇಡಿಯೊ ಯಂತ್ರ ಚಾಲೂ ಇದೆಯೇ ಎಂದು ನೋಡಿ ಕಳಿಸುವುದು. ಬೇಕಾದ ಕೆಲಸವೇ. ಆದರೆ ಆ ಶೆಡ್ಡಿನಲ್ಲಿ ಸ್ಟವ್ ಪಕ್ಕ ಒಂದು ಕುರ್ಚಿ ಇತ್ತು. ಡಾಕ್ಟರು ಅದನ್ನು ನೋಡುವ ರೀತಿ ನನಗೆ ಗೊತ್ತಿತ್ತು.

ನಾನು ಹೇಳಹೊರಟ ಆ ವಾರಾಂತ್ಯ ಪ್ರಶ್ನೆ ಬರುವುದಿತ್ತು. ಡಾಕ್ಟರ ಬಗ್ಗೆ ಉತ್ತರಿಸಬೇಕಾದವರು ನಾವಿಬ್ಬರು.

ಶುಕ್ರವಾರ ಮಧ್ಯಾಹ್ನ ಮೂವರೂ ಹೊರಟೆವು. ಡ್ರೈವ್ ಮಾಡುತ್ತಿದ್ದವರು ಧಾರವಾಡದವರು. ಹೈವೇಗೆ ಬರುವಷ್ಟರಲ್ಲಿ ಡಾಕ್ಟರ ಮಗಳ ಫೋನು ಬಂತು. ಮಗಳೂ ಡಾಕ್ಟರೇ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕಾರಿನ ಸ್ಪೀಕರಿನಲ್ಲಿ ಮೂವರಿಗೂ ಕೇಳಿಸಿತು.

“ಅಪ್ಪಾ, ಆರ್ ಯು ವೇರಿಂಗ್ ಯುವರ್ ಗ್ಲವ್ಸ್?”

“ಕಾರಲ್ಲಿ ಯಾಕಮ್ಮಾ ಗ್ಲವ್ಸು?”

“ಯು ನೋ ವಾಟ್ ಐ ಮೀನ್.”

“ಆಯ್ತು, ಹಾಕ್ಕೋತೀನಿ. ಊಟ ಮಾಡಿದ್ಯಾ?”

ಗ್ಲವ್ಸಿನ ಮಾತು ಯಾಕೆ ಬಂತೆಂದರೆ, ಬರಿಗೈ ಡಾಕ್ಟರ ಹೆಗ್ಗಳಿಕೆ. ಉಳಿದ ನಾವೆಲ್ಲ ಎರಡು ಜೊತೆ ಗ್ಲವ್ಸಿನೊಳಗೂ ಬೆರಳು ಕೊರಡಾಗಿ ಒದ್ದಾಡುವಾಗ ಅವರು ಬರಿಗೈಯಲ್ಲಿ ಹಿಮ ಮುಟ್ಟಿ ನೋಡುತ್ತಿದ್ದರು. “ಗ್ಲವ್ಸ್ ಹಾಕ್ಕೊಂಡು ಹಿಮ ನೋಡೋದು, ಕಂಬಳಿ ಹೊದ್ದುಕೊಂಡು ನಾಡಿ ನೋಡಿದ ಹಾಗೆ” ಅನ್ನುತ್ತಿದ್ದರು. ತಂಡದ ಅಮೆರಿಕನ್ನರೂ ಅದನ್ನು ಹೊಸಬರಿಗೆ ಕತೆಯಂತೆ ಹೇಳುತ್ತಿದ್ದರು. ಸಮರ್‌ಸೆಟ್‌ನ ಊಟಗಳಲ್ಲಿ ಅದು ಇನ್ನಷ್ಟು ಬೆಳೆದಿತ್ತು: ಅಂಕಲ್‌ಗೆ ಚಳಿಯೇ ಆಗುವುದಿಲ್ಲವಂತೆ, ದಿನಾ ಪ್ರಾಣಾಯಾಮ ಮಾಡುತ್ತಾರಂತೆ.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದೆವು. ಆಗ ತಾನೇ ಯಂತ್ರದಿಂದ ಹಿಡಿದ ಕಾಫಿ. ಲೋಟದ ಸುತ್ತ ಹಾಕುವ ರಟ್ಟಿನ ಪಟ್ಟಿ ಮುಗಿದಿತ್ತು. ನಾನು ಟಿಶ್ಯೂ ಸುತ್ತಿ ಹಿಡಿದೆ. ಧಾರವಾಡದವರು ಸ್ವೆಟರಿನ ತೋಳು ಎಳೆದುಕೊಂಡು ಹಿಡಿದರು. ಡಾಕ್ಟರು ಬರಿಗೈಯಲ್ಲಿ ಲೋಟವನ್ನು ಪೂರ್ತಿ ಹಿಡಿದು, ಕಾರು ಇರುವಲ್ಲಿಯವರೆಗೆ ಮಾತಾಡುತ್ತಲೇ ನಡೆದರು.

“ಸರ್ ಅಂದ್ರ ಸನ್ಯಾಸಿ ನೋಡ್ರಿ ಅಣ್ಣಾರ,” ಎಂದರು ಧಾರವಾಡದವರು ನನ್ನ ಕಡೆ ತಿರುಗಿ. “ಬಿಸಿ, ಥಂಡಿ ಎರಡೂ ಒಂದ.”

“ನಿನ್ನ ಗಂಡನ್ನ ಕೇಳಮ್ಮಾ, ಮದುವೆಯಾದ ಗಂಡಸರೆಲ್ಲ ಹೀಗೇ ಆಗಿಹೋಗ್ತಾರೆ,” ಎಂದರು ಡಾಕ್ಟರು. ಮೂವರೂ ನಕ್ಕೆವು. ನಕ್ಕೆ, ಆದರೆ ನೋಡಿದ್ದು ಮನಸ್ಸಿನಲ್ಲಿ ನಿಂತಿತು. ಡೆಸ್ಕಿನ ಕೆಲಸ ಮಾಡಿದವರಿಗೆ ಅದೊಂದು ರೂಢಿ. ಅರ್ಥ ಆಗದಿದ್ದರೂ ಕಂಡದ್ದನ್ನು ಕಂಡ ಹಾಗೇ ಇಟ್ಟುಕೊಳ್ಳುವುದು.

ಡಾಕ್ಟರು ರೆಸ್ಟ್‌ರೂಮಿಗೆ ಹೋದಾಗ ನಾನು ಧಾರವಾಡದವರನ್ನು ಕೇಳಿದೆ. “ನಾಳೆ ಆ ಪ್ರಶ್ನೆ ಬಂದ್ರೆ ಏನಂತೀರಿ?”

“ಏನಂತೀರಿ ಅಂದ್ರ? ಹೌದಂತೀನ್ರಿ. ನನಗ ಸಲಿಕಿ ಹಿಡಿಯೂದು ಕಲಿಸಿದವರು ಅವರು. ಅವರ ಮ್ಯಾಲೆ ಇಲ್ಲ ಅನ್ನಲಿಕ್ಕೆ ನಾ ಯಾರ್ರಿ?”

“ಪ್ರಶ್ನೆ ಅದಲ್ಲ.”

“ಗೊತ್ತದರಿ, ಪ್ರಶ್ನಿ ಅದಲ್ಲ. ಉತ್ತರ ಅದ.” ಆಮೇಲೆ, “ನೀವೇನಂತೀರಿ?” ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. “ಪೇಪರಿನವರ ಹಣೆಬರಹಾನ ಇಷ್ಟ,” ಎಂದು ಅವರು ಸ್ಟಿಯರಿಂಗ್ ಒರೆಸಿದರು. ಡಾಕ್ಟರು ಬರುತ್ತಿರುವುದು ಕಂಡು ಮಾತು ನಿಂತಿತು.

ಮರುದಿನ ಬೆಳಿಗ್ಗೆ ಆಕಾಶ ಸ್ವಚ್ಛವಾಗಿತ್ತು. ಅದಕ್ಕೆ ಹಿಂದಿನ ಎರಡು ದಿನ ಗಾಳಿ ಬೀಸಿ, ಬೆಟ್ಟದ ಆಚೆಯ ಹಿಮವನ್ನೆಲ್ಲ ಈಚೆಯ ಇಳಿಜಾರಿಗೆ ತಂದು ಸುರಿದಿತ್ತು. ಸ್ಕೀಯ ಅಡಿಗೆ ಹಿಂದಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ಮರಗಳ ನಡುವೆ ಹತ್ತಿದೆವು. ಡಾಕ್ಟರು ಮುಂದೆ. ಅವರ ಹತ್ತುವಿಕೆಯಲ್ಲಿ ಏನೂ ತಪ್ಪು ಹುಡುಕುವಂತಿರಲಿಲ್ಲ. ನಿಧಾನ, ಒಂದೇ ಲಯ, ಅನಗತ್ಯ ಮಾತಿಲ್ಲ. ಉಸಿರು ಕಟ್ಟುತ್ತಿದ್ದದ್ದು ನನಗೆ.

ಬಂಡೆಯ ಪಟ್ಟೆಯ ಅಂಚಿನ ಬಳಿ ನಿಂತೆವು. ಅದರೊಳಕ್ಕೆ ಹೋಗಲಿಲ್ಲ. ಪಟ್ಟೆಯದೇ ದಿಕ್ಕಿಗೆ, ಅದರಷ್ಟೇ ಕಡಿದಾಗಿ, ಆದರೆ ಕುಸಿದರೂ ಅಪಾಯವಾಗದಷ್ಟು ಚಿಕ್ಕದಾದ ಒಂದು ತಿಟ್ಟನ್ನು ಆರಿಸಿಕೊಂಡು ಅಲ್ಲಿ ಗುಂಡಿ ತೋಡುವುದು ಕ್ರಮ. ಸಲಿಕೆಯಿಂದ ಸೊಂಟದಾಳ ಅಗೆದು, ಮೇಲ್ಬದಿಯ ಗೋಡೆಯನ್ನು ನುಣ್ಣಗೆ ಕೆತ್ತಿದೆವು. ಆ ಚಳಿಗಾಲದ ಚರಿತ್ರೆಯೆಲ್ಲ ಆ ಗೋಡೆಯಲ್ಲಿರುತ್ತದೆ. ಮಳೆ ಬಿದ್ದು ಗಟ್ಟಿಯಾದ ದಿನ, ಬಿಸಿಲು ಬಂದ ದಿನ, ಗಾಳಿ ಬೀಸಿದ ದಿನ, ಒಂದರ ಮೇಲೊಂದು. ಕಣ್ಣಿಗೆ ಎಲ್ಲವೂ ಬಿಳಿ. ಅದಕ್ಕೇ ಬೆರಳು ಬೇಕು.

ಬೆರಳನ್ನು ಗೋಡೆಯ ಮೇಲಿಂದ ಕೆಳಕ್ಕೆ ನಿಧಾನವಾಗಿ, ಒಂದೇ ಒತ್ತಡದಲ್ಲಿ ಎಳೆಯಬೇಕು. ಗಟ್ಟಿ ಪದರದಲ್ಲಿ ಬೆರಳು ತಡೆಯುತ್ತದೆ, ಮೆತ್ತಗಿನದರಲ್ಲಿ ಒಳಗೆ ಇಳಿಯುತ್ತದೆ. ಗಟ್ಟಿ ಹಿಮದ ಕೆಳಗೆ ಮೆತ್ತಗಿನ ಹಿಮ ಸಿಕ್ಕಿಹಾಕಿಕೊಂಡಿದ್ದರೆ ಅಲ್ಲೇ ಅಪಾಯ. ಮೇಲಿನದೆಲ್ಲ ಅದರ ಮೇಲಿಂದ ಜಾರುತ್ತದೆ. ಆ ಪದರ ಕೆಲವು ಸಲ ಬೆರಳಿನಷ್ಟೂ ದಪ್ಪ ಇರುವುದಿಲ್ಲ.

ಡಾಕ್ಟರು ಗ್ಲವ್ಸ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಬಲಗೈಯ ಬೆರಳುಗಳನ್ನು ಗೋಡೆಗಿಟ್ಟು ಕೆಳಗೆ ಎಳೆದರು. ಕಣ್ಣು ಅರೆಮುಚ್ಚಿತ್ತು. ಮತ್ತೊಂದು ಸಲ ಎಳೆದರು.

“ಒಂದೇ ಸಮ ಇದೆ. ಮೇಲೆ ಗಾಳಿಯದ್ದು, ಕೆಳಗೆ ಹೋಗ್ತಾ ಗಟ್ಟಿ. ನಡುವೆ ಏನೂ ಇಲ್ಲ. ಚೆನ್ನಾಗಿದೆ.”

ಪದ್ಧತಿಯಂತೆ ಎರಡನೆಯವರೂ ನೋಡಬೇಕು. ಧಾರವಾಡದವರು ಹೊರಗಿನ ದಪ್ಪ ಗ್ಲವ್ಸ್ ತೆಗೆದು, ಒಳಗಿನ ತೆಳ್ಳನೆಯದರಲ್ಲೇ ಬೆರಳು ಎಳೆದರು. ನಡುವಿನ ಸ್ವಲ್ಪ ಕೆಳಗೆ ಅವರ ಕೈ ನಿಂತಿತು. ಹಿಂದಕ್ಕೆ ತಂದು ಮತ್ತೆ ಎಳೆದರು. ಅಲ್ಲೇ ನಿಂತಿತು.

“ಸರ್, ಇಲ್ಲೊಂದು ಕಡೆ ಬೆರಳು ಒಳಗ ಹೋದಂಗ ಆಗ್ತದ್ರಿ.”

ಡಾಕ್ಟರು ಆ ಜಾಗದಲ್ಲೇ ಬೆರಳಿಟ್ಟರು. ಎಳೆದರು. “ಇಲ್ಲವಲ್ಲಮ್ಮಾ. ನಿನ್ನ ಕೈ ಜಾರಿರಬೇಕು.”

“ಇರಬಹುದ್ರಿ ಸರ್.”

“ನೋಡು ಬೇಕಾದರೆ ಇನ್ನೊಂದು ಸಲ.”

“ಬ್ಯಾಡ್ರಿ, ನೀವು ನೋಡೀರಲ್ಲ.”

ಅಲ್ಲಿಗೆ ಮುಗಿಯಿತು. ಅಮೆರಿಕನ್ನರ ಜೋಡಿಯಾಗಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ, ಗುಂಡಿಯಲ್ಲೇ ನಿಂತು ವಾದಿಸುತ್ತಿದ್ದರು. ನಮ್ಮಲ್ಲಿ ಹಿರಿಯರು ಒಮ್ಮೆ ಇಲ್ಲವೆಂದ ಮೇಲೆ ಕಿರಿಯರ ಬೆರಳು ಜಾರಿದ್ದೇ ನಿಜವಾಗುತ್ತದೆ. ಅದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಡಾಕ್ಟರು ದರ್ಪದಿಂದ ಹೇಳಿರಲಿಲ್ಲ, ಅವರಿಗೆ ನಿಜವಾಗಿಯೂ ಏನೂ ಸಿಕ್ಕಿರಲಿಲ್ಲ. ಧಾರವಾಡದವರು ಹೆದರಿ ಸುಮ್ಮನಾಗಿರಲಿಲ್ಲ, ಮರ್ಯಾದೆ ಕೊಟ್ಟಿದ್ದರು.

ನನ್ನ ಕೆಲಸದಲ್ಲಿ ಇದಕ್ಕೊಂದು ಸಾಮಾನ್ಯ ನಿಯಮವಿದೆ. ಇಬ್ಬರು ವರದಿಗಾರರು ಒಂದೇ ಘಟನೆಯ ಬಗ್ಗೆ ಎರಡು ಮಾತು ಹೇಳಿದರೆ, ಸೀನಿಯರ್ ಹೇಳಿದ್ದನ್ನು ಅಚ್ಚಿಗೆ ಕಳಿಸುವುದಲ್ಲ, ಮೂರನೆಯ ಕಡೆ ವಿಚಾರಿಸುವುದು. ಹಾಗಾಗಿ ನಾನು ಯಾರ ಪರವೂ ಮಾತಾಡಲಿಲ್ಲ.

“ಡಾಕ್ಟ್ರೇ, ಎರಡು ಹೇಳಿಕೆ ಬಂದಿವೆ. ಕಂಬ ಕಡಿದು ನೋಡಿಬಿಡೋಣ.”

ಡಾಕ್ಟರು ನಕ್ಕರು. “ಪೇಪರ್‌ನೋರಿಗೆ ನನ್ನ ಮೇಲೆ ನಂಬಿಕೆ ಇಲ್ಲ.”

“ನಂಬಿಕೆ ಇದೆ. ಮೂರನೇ ಸಾಕ್ಷಿ ಬೇಕು ಅಷ್ಟೇ.”

“ಕಡಿಯಪ್ಪ, ಕಡಿ. ನಿನ್ನನ್ನ ಸುಮ್ಮನೆ ಇರಿಸೋಕೆ ಇನ್ನೇನು ಮಾಡೋಕಾಗುತ್ತೆ.”

ಹಿಮ ಕತ್ತರಿಸುವ ಗರಗಸದಿಂದ ಗೋಡೆಯ ಒಂದು ಭಾಗವನ್ನು ಎರಡು ಬದಿ ಮತ್ತು ಹಿಂದಿನಿಂದ ಬಿಡಿಸಿ, ಸಲಿಕೆಯಗಲದ ಚೌಕ ಕಂಬವಾಗಿ ನಿಲ್ಲಿಸುತ್ತಾರೆ. ಅದರ ತಲೆಯ ಮೇಲೆ ಸಲಿಕೆಯ ತಟ್ಟೆಯನ್ನು ಮಲಗಿಸಿ, ಮೇಲಿಂದ ಕೈಯಲ್ಲಿ ತಟ್ಟುವುದು. ಮೊದಲು ಮಣಿಕಟ್ಟಿನಿಂದ ಮಾತ್ರ, ಹಗುರಾಗಿ. ಅದಕ್ಕೆ ಬೀಳದಿದ್ದರೆ ಮೊಣಕೈಯಿಂದ. ಅದಕ್ಕೂ ಬೀಳದಿದ್ದರೆ ಭುಜದಿಂದ ತೋಳು ಬೀಸಿ. ಕಂಬ ಎಷ್ಟು ಹೊಡೆತ ತಾಳುತ್ತದೋ ಬೆಟ್ಟವೂ ಮನುಷ್ಯನ ಭಾರವನ್ನು ಹೆಚ್ಚುಕಡಿಮೆ ಅಷ್ಟೇ ತಾಳುತ್ತದೆ ಎಂಬುದು ಲೆಕ್ಕ. ಪೂರ್ತಿ ನಂಬುವ ಲೆಕ್ಕವಲ್ಲ, ಆದರೆ ಅದಕ್ಕೆ ದಾಕ್ಷಿಣ್ಯವಿಲ್ಲ.

ತಟ್ಟಿದವರು ಡಾಕ್ಟರೇ. ಮಣಿಕಟ್ಟಿನ ತಟ್ಟುವಿಕೆ ಇನ್ನೂ ಮುಗಿದಿರಲಿಲ್ಲ, ಕಂಬದ ಮೇಲರ್ಧ, ಡ್ರಾಯರ್ ಎಳೆದ ಹಾಗೆ, ಸಲಿಕೆಯ ಸಮೇತ ನಮ್ಮ ಕಡೆಗೆ ಜಾರಿ ಗುಂಡಿಗೆ ಬಿತ್ತು. ಒಡೆದ ಜಾಗ ಗಾಜಿನಂತೆ ಸಪಾಟಾಗಿತ್ತು. ಧಾರವಾಡದವರು ಬೆರಳಿಟ್ಟ ಜಾಗವೇ.

ಧಾರವಾಡದವರು ಬಗ್ಗಿ, ಒಡೆದಲ್ಲಿಂದ ಒಂದಿಷ್ಟು ಹಿಮ ಕೆರೆದು ಅಂಗೈಗೆ ಹಾಕಿಕೊಂಡರು. ಅಂಟದೆ ಕಾಳುಕಾಳಾಗಿ ಉದುರಿತು.

“ಹುರಿದ ರವಾ ಇದ್ದಂಗ ಅದ,” ಎಂದರು ಮೆಲ್ಲಗೆ. ಡಾಕ್ಟರಿಗೆ ಬಿಟ್ಟು ನನಗೆ ಹೇಳಿದಂತಿತ್ತು.

ಡಾಕ್ಟರು ಆ ಹಿಮವನ್ನು ತಮ್ಮ ಬೆರಳುಗಳ ನಡುವೆ ಉಜ್ಜಿದರು. ಬಹಳ ಹೊತ್ತು ಉಜ್ಜಿದರು. ಮತ್ತೆ ಗೋಡೆಯ ಹತ್ತಿರ ಹೋಗಿ, ಉಳಿದ ಭಾಗದಲ್ಲಿ ಅದೇ ಪದರದ ಮೇಲೆ ಬೆರಳು ಎಳೆದರು. ಈಗ ನೋಡುತ್ತಿದ್ದೆವಾದ್ದರಿಂದ ನಮಗೇ ಕಾಣುತ್ತಿತ್ತು. ಬೆರಳು ಒಳಗೆ ಇಳಿಯಿತು, ರವೆಯಂತಹ ಹಿಮ ಉದುರಿತು, ಅವರ ಮುಖ ಬದಲಾಗಲಿಲ್ಲ. ಆಗ ನನಗೆ ಹಿಂದಿನ ದಿನದ ಕಾಫಿ ಲೋಟ ನೆನಪಾಯಿತು.

ಅವರು ಗುಂಡಿಯ ಅಂಚಿಗೆ ಒರಗಿ ನಿಂತರು. “ಪೆನ್ಸಿಲ್ ಕೊಡಮ್ಮಾ ಧಾರವಾಡ.”

ಪದರದ ಗಟ್ಟಿತನ ನೋಡಲು ಪೆನ್ಸಿಲು ಯಾವಾಗಲೂ ನಮ್ಮ ಬಳಿ ಇರುತ್ತದೆ. ಧಾರವಾಡದವರು ಕೊಡಲು ಹೋದರು. ಡಾಕ್ಟರು ಅದನ್ನು ತೆಗೆದುಕೊಳ್ಳಲಿಲ್ಲ. ಬಲ ಅಂಗೈ ಮೇಲೆ ಮಾಡಿ ಮುಂದೆ ಚಾಚಿ, ಕಣ್ಣು ಮುಚ್ಚಿದರು.

“ಮೊನೆಯಿಂದ ಮುಟ್ಟು. ಬೆರಳಿನ ತುದಿ ಒಂದೊಂದೇ. ಮುಟ್ಟಿದಾಗ ಹೇಳ್ತೀನಿ.”

“ಸರ್, ಥಂಡಿಗೆ ಎಲ್ಲಾರಿಗೂ ಹಂಗ ಆಗ್ತದರಿ...”

“ಮುಟ್ಟಮ್ಮಾ. ಎಷ್ಟು ಸಾವಿರ ಜನಕ್ಕೆ ನಾನು ಇದೇ ಮಾಡಿದ್ದೀನಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸ್ಪಿರಿಟ್ ಹತ್ತಿ ಮುಟ್ಟಿಸಿ, ಇಲ್ಲಿ ತಣ್ಣಗಿದೆಯಾ, ಇಲ್ಲಿ ಇದೆಯಾ ಅಂತ. ಪೇಷೆಂಟು ನನ್ನನ್ನ ಮೆಚ್ಚಿಸೋಕೆ ಹೂಂ ಅಂದುಬಿಡ್ತಾನೆ ಅಂತ ಹೆದರಿಕೆ ನಮಗೆ ಯಾವಾಗಲೂ. ಅದಕ್ಕೆ ಮುಟ್ಟದೇನೂ ಕೇಳಬೇಕು. ನೀನೂ ಹಾಗೇ ಮಾಡು.”

ಧಾರವಾಡದವರು ಹೆಬ್ಬೆರಳಿಗೆ ಮುಟ್ಟಿದರು. “ಹೂಂ.” ತೋರುಬೆರಳಿಗೆ ಮುಟ್ಟಿದರು. ಡಾಕ್ಟರು ಸುಮ್ಮನಿದ್ದರು. ನಡುಬೆರಳಿಗೆ ಸ್ವಲ್ಪ ಒತ್ತಿ ಮುಟ್ಟಿದರು. ಸುಮ್ಮನಿದ್ದರು. ಆಮೇಲೆ ಅವರು ಎಲ್ಲೂ ಮುಟ್ಟದೆ ಪೆನ್ಸಿಲು ಎತ್ತಿ ಹಿಡಿದು ಕಾದರು. “ಹೂಂ,” ಎಂದರು ಡಾಕ್ಟರು. ಧಾರವಾಡದವರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಗಾಳಿಗೂ ಇದ್ದಿರಬಹುದು.

“ಈಗ ಮುಟ್ಟಿದ್ಯೇನಮ್ಮಾ?”

ಧಾರವಾಡದವರು ಹಿಂದಿನ ದಿನ ಆಡಿದ ಮಾತು ನನ್ನ ಕಿವಿಯಲ್ಲಿತ್ತು. ಹೌದು ಎಂದುಬಿಡಬಹುದಿತ್ತು.

“ಇಲ್ರಿ ಸರ್. ಮುಟ್ಟಿಲ್ಲ.”

ಡಾಕ್ಟರು ಕಣ್ಣು ತೆರೆದರು. ಕೈಯನ್ನು ಆ ಬದಿ ಈ ಬದಿ ತಿರುಗಿಸಿ, ಬೇರೆಯವರ ಕೈ ನೋಡುವಂತೆ ನೋಡಿದರು. “ಶಭಾಷ್,” ಎಂದರು. ಯಾರಿಗೆ ಎಂದು ಹೇಳಲಿಲ್ಲ. ಆಮೇಲೆ ಜೇಬಿನಿಂದ ಗ್ಲವ್ಸ್ ತೆಗೆದು, ಒಂದೊಂದೇ ಬೆರಳು ಕಣ್ಣಲ್ಲಿ ನೋಡಿ ತೂರಿಸುತ್ತಾ ಹಾಕಿಕೊಂಡರು.

“ಮೂವತ್ತು ವರ್ಷ ಬೇರೆಯವರ ತಲೆ ಮೇಲೆ ಕತ್ತು ಬಗ್ಗಿಸಿ ನಿಂತದ್ದಕ್ಕೆ ಕುತ್ತಿಗೆಯ ಮೂಳೆ ಸವೆದಿದೆ ಅಂತ ಗೊತ್ತಿತ್ತು. ಕೈಗೆ ಹೋಗೋ ನರ ಒತ್ತುತ್ತಿರಬೇಕು. ಚಳಿ ಆಗಲ್ಲ ಅಂತ ನೀವೆಲ್ಲ ಹೊಗಳ್ತಿದ್ರಲ್ಲ, ನಾನೂ ಹೌದೇನೋ ಅಂದ್ಕೊಂಡೆ. ಹೊಗಳಿಕೆ ಬಹಳ ಒಳ್ಳೇ ಅನಸ್ತೇಸಿಯಾ.”

ರೇಡಿಯೊದಲ್ಲಿ ಕೆಳಗೆ ತಿಳಿಸುವ ಸರದಿ ಆ ದಿನ ಡಾಕ್ಟರದು. ನಾನು ಮಾಡಲೇ ಎಂದು ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ನಾಯಕಿಯೊಂದಿಗೆ ಅವರು ಇಂಗ್ಲಿಷಿನಲ್ಲಿ ಆಡಿದ ಮಾತಿನ ಸಾರ ಇಷ್ಟು: ಗಾಳಿ ತಂದ ಹಿಮದ ಕೆಳಗೆ ಕಾಳಿನಂತಹ ದುರ್ಬಲ ಪದರ ಇದೆ. ಕಂಬ ಮಣಿಕಟ್ಟಿನ ಹೊಡೆತಕ್ಕೇ ಜಾರಿತು. ಪಟ್ಟೆಯ ಒಳಗೆ ಇವತ್ತು ಯಾರೂ ಹೋಗುವುದು ಸರಿಯಲ್ಲ. ಪದರವನ್ನು ಪತ್ತೆಮಾಡಿದ್ದು ನನ್ನ ಜೊತೆಯಾಕೆ, ನಾನು ಬೆರಳಿಟ್ಟು ನೋಡಿಯೂ ಅದು ಇಲ್ಲ ಎಂದೆ. ನನ್ನ ಬೆರಳುಗಳಿಗೆ ಸ್ಪರ್ಶ ಇಲ್ಲ. ಇನ್ನು ಮುಂದೆ ನನ್ನ ಬೆರಳಿನ ವರದಿ ತೆಗೆದುಕೊಳ್ಳಬೇಡಿ.

ನಾನು ಡೆಸ್ಕಿನಲ್ಲಿ ಸಾವಿರಾರು ವರದಿ ನೋಡಿದ್ದೇನೆ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಮರಗಳೊಳಗಿಂದ, ಹತ್ತಿದ ದಾರಿಯಲ್ಲೇ ಇಳಿದೆವು. ನಡುವೆ ಒಂದು ಕಡೆ ನಿಂತು ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು.

“ಸಂಜೆ ಟೀಮ್ ಲೀಡರ್ ಆ ಪ್ರಶ್ನೆ ಕೇಳ್ತಾರೆ. ನೆನ್ನೆ ಕಾಫಿ ಹತ್ತಿರ ನೀವಿಬ್ಬರೂ ಏನು ಮಾತಾಡಿಕೊಂಡಿರಿ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡಿ. ನಾನು ವಾಪಸ್ ಬಂದಾಗ ಇಬ್ಬರೂ ಶ್ರಾದ್ಧದ ಮನೆ ಮುಖ ಮಾಡ್ಕೊಂಡಿದ್ರಿ. ನನ್ನ ಮುಖ ನೋಡಿ ಉತ್ತರ ಕೊಡಬೇಡಿ. ತಿಳೀತಾ?”

“ಸರ್, ಆ ಶೆಡ್ಡಿನ್ಯಾಗ...” ಎಂದು ಧಾರವಾಡದವರು ಶುರುಮಾಡಿದರು.

“ಗೊತ್ತು. ಕುರ್ಚಿ ಇದೆ. ನೋಡಿದ್ದೀನಿ.”

ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ರೇಡಿಯೊದಲ್ಲಿ ಬಂದ ಆ ಮಾತು ಕೇಳಿ ಬಹುತೇಕ ಜನ ಬೇರೆ ಕಡೆ ಹೋಗಿದ್ದರು. ವಿಶ್ವವಿದ್ಯಾಲಯದ ನಾಲ್ಕಾರು ಹುಡುಗ ಹುಡುಗಿಯರು ಮಾತ್ರ ಇನ್ನೂ ಬೇಸರದಲ್ಲಿ ಕಾರಿನ ಡಿಕ್ಕಿಯ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಡಾಕ್ಟರು ಅವರ ಹತ್ತಿರ ಹೋಗಿ, ಹಿಮದಲ್ಲಿ ಸ್ಕೀ ಕೋಲಿನಿಂದ ಗೆರೆ ಎಳೆದು, ಏನಾಯಿತೆಂದು ವಿವರಿಸುತ್ತಿರುವುದು ಕಂಡಿತು. ಅವರಲ್ಲೊಬ್ಬಳು ಗ್ಲವ್ಸ್ ತೆಗೆದು ತನ್ನ ಬೆರಳು ನೋಡಿಕೊಂಡಳು.

ನಾಯಕಿ ಮೊದಲು ಧಾರವಾಡದವರನ್ನು ತಮ್ಮ ಟ್ರಕ್ಕಿನ ಬಳಿಗೆ ಕರೆದರು. ಸ್ವಲ್ಪ ಹೊತ್ತಿನಲ್ಲೇ ಅವರು ವಾಪಸ್ ಬಂದರು. ಮೂಗು ಕೆಂಪಾಗಿತ್ತು. “ಇಲ್ಲಾ ಅಂದೆ,” ಎಂದರು ನನಗೆ. “ಒಂದ ಶಬ್ದ. ಹೊರಗ ಬರಲಿಕ್ಕೆ ಎಷ್ಟ್ ತ್ರಾಸ್ ಆತ್ರಿ ಅಣ್ಣಾರ.”

ಆಮೇಲೆ ನಾನು. ನಾಯಕಿ ಪ್ರಶ್ನೆಯನ್ನು ಎಂದಿನಂತೆಯೇ ಕೇಳಿದರು. ಇವರ ಮಾತಿನ ಮೇಲೆ ನೀನು ಇಳಿಜಾರಿಗೆ ಕಾಲಿಡುತ್ತೀಯಾ? ನಾನು ಪ್ರಶ್ನೆಯನ್ನು ಇನ್ನೊಮ್ಮೆ ಹೇಳಲು ಕೇಳಿದೆ. ಅವರು ಹೇಳಿದರು. ಅದರಲ್ಲಿ ಕೇಳಿದ್ದು ಮಾತಿನ ಬಗ್ಗೆ. ಬೆರಳಿನ ಮೇಲೆ ಕಾಲಿಡುವುದಿಲ್ಲ, ಮಾತಿನ ಮೇಲೆ ಇಡುತ್ತೇನೆ ಎಂದೆ. ತನ್ನ ವಿರುದ್ಧದ ವರದಿಯನ್ನು ತಾನೇ ರೇಡಿಯೊದಲ್ಲಿ ಓದಿದವರ ಮಾತನ್ನು ನಂಬದಿದ್ದರೆ ಇನ್ನಾರದನ್ನು ನಂಬುವುದು ಎಂದೂ ಸೇರಿಸಿದೆ. ನಾಯಕಿ “ನಾನು ಹೌದು ಅಥವಾ ಇಲ್ಲ ಕೇಳಿದ್ದೆ,” ಎಂದರು. ಆದರೆ ನನ್ನನ್ನು ಇನ್ನೊಮ್ಮೆ ಕೇಳಲಿಲ್ಲ.

ಅವರ ಪದ್ಧತಿಯಲ್ಲಿ ಒಬ್ಬರ ‘ಇಲ್ಲ’ ಸಾಕು. ಪದ್ಧತಿ ಮುರಿಯಲಿಲ್ಲ. ಆ ಚಳಿಗಾಲದ ಉಳಿದ ವಾರಗಳೆಲ್ಲ ಡಾಕ್ಟರು ಶೆಡ್ಡಿನಲ್ಲಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಕುರ್ಚಿಯ ಮೇಲೆ ತಮ್ಮ ಬ್ಯಾಗು ಇಟ್ಟು, ಬಾಗಿಲಲ್ಲಿ ನಿಂತೇ ಇರುತ್ತಿದ್ದರು ಎಂದು ಕೆಳಗಿದ್ದವರಿಂದ ಕೇಳಿದೆ. ಬೀಕನ್ ತೋರಿಸಲು ಬಂದವರನ್ನೆಲ್ಲ “ಗ್ಲವ್ಸ್ ಎಲ್ಲಿ?” ಎಂದು ಗದರಿಸುತ್ತಿದ್ದರಂತೆ. ಕಾರಿನಲ್ಲಿ ನಾವು ಈ ವಿಷಯ ಹೇಳಿದಾಗ ಸ್ಪೀಕರಿನಲ್ಲಿ ಡಾಕ್ಟರ ಮಗಳು ಬಹಳ ಹೊತ್ತು ನಕ್ಕಳು.

ಬೇಸಗೆಯಲ್ಲಿ ಡಾಕ್ಟರು ಕುತ್ತಿಗೆಯ ಸ್ಪೆಷಲಿಸ್ಟರನ್ನು ಕಂಡರು. ಹೆಬ್ಬೆರಳಿನ ಸ್ಪರ್ಶ ಉಳಿಯಬಹುದು, ಬೇರೆ ಬೆರಳುಗಳದು ಹೇಳಲಾಗುವುದಿಲ್ಲ ಎಂದರಂತೆ. ಚಳಿಗಾಲ ಬರುವ ಮುಂಚೆ ನಾಯಕಿ ಧಾರವಾಡದವರಿಗೆ ಫೋನು ಮಾಡಿ, ಗುಂಡಿಯಲ್ಲಿ ಯಾವ ಯಾವ ಕೆಲಸಕ್ಕೆ ಬೆರಳಿನ ಸ್ಪರ್ಶ ಬೇಕು, ಯಾವುದಕ್ಕೆ ಬೇಡ ಎಂದು ಕೇಳಿದರು. ಪದರ ನೋಡಲು ಬೇಕು. ಅಗೆಯಲು ಬೇಡ. ಕಂಬ ತಟ್ಟಲು ಬೇಡ, ತೋಳು ಸಾಕು, ತಟ್ಟುವುದರಲ್ಲಿ ಡಾಕ್ಟರಷ್ಟು ಸಮನಾದ ಕೈ ತಂಡದಲ್ಲಿ ಇನ್ನೊಂದಿಲ್ಲ. ಹಾಗೆ ಹೇಳಿದೆ ಎಂದು ಧಾರವಾಡದವರು ನನಗೆ ತಿಳಿಸಿದರು. ಪ್ರಶ್ನೆಯ ರೂಪವೂ ಆ ವರ್ಷ ಬದಲಾಯಿತು. ನಾಯಕಿ ಈಗ ಎರಡು ಪ್ರಶ್ನೆ ಕೇಳುತ್ತಾರೆ. ಎರಡನೆಯದು ಹೀಗೆ: ಯಾವ ಕೆಲಸಕ್ಕೆ?

ಕಳೆದ ಚಳಿಗಾಲದ ಮೊದಲ ಗುಂಡಿಗೆ ಮೂವರೂ ಹೋದೆವು. ಧಾರವಾಡದವರ ಬೆರಳು, ಡಾಕ್ಟರ ತೋಳು, ನನ್ನ ರೇಡಿಯೊ. ಅಗೆದು ಮುಗಿದ ಮೇಲೆ ಧಾರವಾಡದವರು ಗುಂಡಿಯ ಕೆಳಬದಿಯಲ್ಲಿ ಸಲಿಕೆಯಿಂದ ಇನ್ನೂ ಏನೋ ಕೆತ್ತುತ್ತಿದ್ದರು. ನೋಡಿದರೆ ಹಿಮದ ಆಸನ. ಹಿಂದೆ ಒರಗಲು ಜಾಗ, ಎರಡು ಬದಿಗೆ ಕೈ.

“ಕೂಡ್ರಿ ಸರ್.”

ಡಾಕ್ಟರು ಅದನ್ನು ನೋಡಿದರು. “ಅಯ್ಯೋ ಧಾರವಾಡ, ಇಲ್ಲಿಗೂ ತಂದುಬಿಟ್ಯಾ?”

“ಇದು ನಿಮಗಲ್ರಿ. ನನ್ನ ಸೊಂಟ ಹಿಡಕೊಂಡದ. ನೀವು ಬ್ಯಾಡಂದ್ರ ನಾನ ಕೂಡ್ತೀನಿ,” ಎಂದು ಅವರು ಕೂತೇಬಿಟ್ಟರು. ಡಾಕ್ಟರು ಗ್ಲವ್ಸ್ ಹಾಕಿದ ಕೈಯಲ್ಲಿ ಥರ್ಮಾಸ್ ಬಿಗಿಯಾಗಿ ಹಿಡಿದು, ಹಿಡಿದಿದ್ದೇನೆಯೇ ಎಂದು ಕಣ್ಣಲ್ಲಿ ಒಮ್ಮೆ ನೋಡಿಕೊಂಡು, ಅವರಿಗೆ ಮೊದಲು ಕಾಫಿ ಬಗ್ಗಿಸಿಕೊಟ್ಟರು. ಕೊಡುವಾಗ ಕೇಳಿದರು:

“ಬಿಸಿ ಇದೆಯೇನಮ್ಮಾ? ನಿಜ ಹೇಳು.”

“ಇಲ್ರಿ ಸರ್. ಆರಿಹೋಗ್ಯದ.”

ಡಾಕ್ಟರು ತಲೆಯಾಡಿಸಿ, ತಮ್ಮ ಲೋಟವನ್ನೂ ತುಂಬಿಕೊಂಡು, ನಿಂತೇ ಕುಡಿದರು.